ಮಗಳು ಯಾವ ಮನೆಯವಳು

ನಮ್ಮ ಮಗಳಿಗೆ ನಾಲ್ಕು ವರ್ಷವಾಗಿದ್ದಾಗ, ನಾನೂ ನನ್ನ ಹೆಂಡತಿಯೂ ಅವಳಿಗಾಗಿ ತೆರಿಗೆ ಕಚೇರಿಯಲ್ಲಿ ಎದುರುಬದುರಾಗಿ ನಿಂತಿದ್ದೆವು. ಈಗ ಇದನ್ನು ಹೇಳಿದರೆ ಕೇಳಿದವರು ಮೊದಲು ನಮ್ಮಿಬ್ಬರ ಮುಖ ನೋಡುತ್ತಾರೆ. ಸಂಸಾರ ಮುರಿಯುವ ಮಾತು ನಮ್ಮ ನಡುವೆ ಎಂದೂ ಬಂದದ್ದಲ್ಲ. ಬೇರೆ ಬೇರೆಯಾಗಿ ಅರ್ಜಿ ಕಳಿಸಿದ ವಾರದ ಶನಿವಾರವೇ ಇಬ್ಬರೂ ಸೇರಿ ಇಡ್ಲಿಗೆ ಅಕ್ಕಿ ನೆನೆಹಾಕಿದ್ದೆವು. ಆದರೂ ಆ ಕಚೇರಿಯ ಲೆಕ್ಕದಲ್ಲಿ ನಾವು ಒಂದು ಮಗುವನ್ನು ಎರಡು ಕಡೆಯಿಂದ ಎಳೆಯುತ್ತಿದ್ದ ಇಬ್ಬರು.

ಅದು 2000ರ ದಶಕದ ನಡುಭಾಗ. ನಾನು ಸ್ವೀಡನ್ನಿನ ಶೋವ್ಡೆ ಎಂಬ ಊರಿನ ಕಾರು ಎಂಜಿನ್ ಕಾರ್ಖಾನೆಯಲ್ಲಿ ಟೆಸ್ಟಿಂಗ್ ಎಂಜಿನಿಯರ್ ಆಗಿದ್ದೆ. ನಾನು ಕುಂದಾಪುರದ ಕಡೆಯವನು, ಹೆಂಡತಿ ಬೆಂಗಳೂರಿನವಳು. ಕಾಲೇಜು ದಿನಗಳ ಪರಿಚಯವಾದ್ದರಿಂದ ಒಬ್ಬರಿಗೊಬ್ಬರು ‘ನೀನು’ ಎಂದೇ ಮಾತು. ನಮ್ಮ ಅತ್ತೆಗೆ ಅದು ಕೊನೆಯವರೆಗೂ ಒಗ್ಗಲಿಲ್ಲ. ಹೆಂಡತಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವಳು. ನನ್ನ ಕೆಲಸದ ಬೆನ್ನಿಗೆ ಈ ದೇಶಕ್ಕೆ ಬಂದು, ಮಗಳನ್ನು ಹೆತ್ತು, ಅವಳನ್ನು ದಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ ಸೇರಿಸಿ, ತಾನು ಸ್ವೀಡಿಷ್ ಕಲಿಯುವ ತರಗತಿಗೆ ಹೋಗುತ್ತಿದ್ದಳು. ಊರು ಚಿಕ್ಕದು. ಅವಳ ಓದಿಗೆ ತಕ್ಕ ಕೆಲಸ ಅಲ್ಲಿರಲಿಲ್ಲ. ಹಾಗಿರುವಾಗ ಮೋಲ್ನ್‌ಡಾಲ್‌ನ ಔಷಧ ಸಂಶೋಧನಾ ಕೇಂದ್ರವೊಂದರಿಂದ ಕರೆ ಬಂತು. ಫೋನ್ ಇಟ್ಟ ಮೇಲೆ ಅವಳು ಅಡುಗೆಮನೆಯ ನೆಲದ ಮೇಲೆ ಹಾಗೆಯೇ ಕೂತುಬಿಟ್ಟದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಮೊದಲು ದಿನವೂ ರೈಲಿನಲ್ಲಿ ಓಡಾಡಿದಳು. ಗೋಥೆನ್‌ಬರ್ಗ್‌ವರೆಗೆ ಒಂದು ರೈಲು, ಅಲ್ಲಿಂದ ಮೋಲ್ನ್‌ಡಾಲ್‌ಗೆ ಇನ್ನೊಂದು. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಬರುತ್ತಿದ್ದಳು. ಊಟಕ್ಕೆ ಕೂತಲ್ಲೇ ತೂಕಡಿಸುತ್ತಿದ್ದಳು. ಚಳಿಗಾಲ ಹತ್ತಿರವಾದಾಗ ಅಲ್ಲೇ ಒಂದು ರೂಮು-ಅಡುಗೆಮನೆಯ ಪುಟ್ಟ ಮನೆ ಹಿಡಿದಳು. ಸೋಮವಾರದಿಂದ ಶುಕ್ರವಾರದವರೆಗೆ ಅಲ್ಲಿ, ಶನಿವಾರ ಭಾನುವಾರ ನಮ್ಮ ಜೊತೆ. ದಾಗಿಸ್ ಶೋವ್ಡೆಯಲ್ಲಿದ್ದುದರಿಂದ ಮಗಳು ನನ್ನ ಹತ್ತಿರವೇ ಉಳಿದಳು. ಸ್ವಲ್ಪ ದಿನದ ಮಟ್ಟಿಗೆ ಎಂದುಕೊಂಡೆವು.

ಆ ಚಳಿಗಾಲವನ್ನು ನೆನೆದರೆ ಇವತ್ತಿಗೂ ನನ್ನ ಎದೆ ತುಂಬಿ ಬರುತ್ತದೆ. ಬೆಳಿಗ್ಗೆ ಎದ್ದು ಅವಳಿಗೆ ಗಂಜಿ ಕುಡಿಸಿ, ಒಳಗಿನ ಉಣ್ಣೆಯ ಬಟ್ಟೆ, ಅದರ ಮೇಲೆ ದಪ್ಪ ಓವರಾಲ್, ಟೋಪಿ, ಕೈಗವಸು, ಬೂಟು ಎಲ್ಲ ತೊಡಿಸಿ ಮುಗಿಸುವ ಹೊತ್ತಿಗೆ ನನಗೆ ಬೆವರು. ಆಗಲೇ ಅವಳಿಗೆ ಬಾತ್‌ರೂಮಿಗೆ ಹೋಗಬೇಕು. ಹಿಮ ಬಿದ್ದ ದಿನಗಳಲ್ಲಿ ಪ್ಲಾಸ್ಟಿಕ್ಕಿನ ಜಾರುಬಂಡಿಗೆ ಹಗ್ಗ ಕಟ್ಟಿ, ಅವಳನ್ನು ಅದರಲ್ಲಿ ಮಲಗಿಸಿ ದಾಗಿಸ್‌ವರೆಗೆ ಎಳೆದುಕೊಂಡು ಹೋಗುತ್ತಿದ್ದೆ. ಅಂಗಾತ ಮಲಗಿದ ಅವಳು ದಾರಿಯುದ್ದಕ್ಕೂ ಆಕಾಶದಲ್ಲಿ ಕಂಡದ್ದನ್ನೆಲ್ಲ ನನಗೆ ಹೇಳುತ್ತ ಬರುತ್ತಿದ್ದಳು. ಚಂದ್ರ ಇನ್ನೂ ಮನೆಗೆ ಹೋಗಿಲ್ಲ, ಕಾಗೆಗೆ ಚಳಿಯಾಗುತ್ತಿದೆ, ದೀಪದ ಕಂಬಕ್ಕೆ ಬಿಳಿ ಕೂದಲು ಬಂದಿದೆ. ನನಗೆ ಮುಂದಿನ ರಸ್ತೆ ಮಾತ್ರ ಕಾಣುತ್ತಿತ್ತು. ಆಕಾಶದ ಸುದ್ದಿಯೆಲ್ಲ ಅವಳಿಂದಲೇ.

ಜಡೆ ಹಾಕುವುದನ್ನು ಕಲಿಸಿದ್ದು ಪಕ್ಕದ ಬೀದಿಯ ಅಕ್ಕ. ಮಂಗಳೂರಿನ ಕ್ರಿಶ್ಚಿಯನ್ ಮನೆತನದ ಅವರು ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ನನಗಿಂತ ಹತ್ತಾರು ವರ್ಷ ದೊಡ್ಡವರು. ಮಗಳ ಕೂದಲು ಮೊದಲ ದಿನ ನನ್ನ ಕೈಯಲ್ಲಿ ಹಗ್ಗದಂತೆ ಗಂಟಾದದ್ದನ್ನು ನೋಡಿ, “ಎಂಜಿನ್ ಬಿಚ್ಚಿ ಕಟ್ಲಿಕ್ಕೆ ಬರ್ತದೆ, ಮೂರು ಎಳೆ ಹೆಣೀಲಿಕ್ಕೆ ಬರುದಿಲ್ವಾ ಮಾರಾಯ?” ಎಂದು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿಕೊಟ್ಟರು. ಕ್ರಿಸ್‌ಮಸ್ ಹೊತ್ತಿಗೆ ನನ್ನ ಕೈ ಪಳಗಿತು. ದಾಗಿಸ್‌ನ ಟೀಚರ್ ಒಮ್ಮೆ ಎರಡು ಜಡೆ ಮುಟ್ಟಿ ನೋಡಿ ಮೆಚ್ಚಿಕೊಂಡಾಗ, ಕಾರ್ಖಾನೆಯಲ್ಲಿ ಸಿಕ್ಕ ಯಾವ ಹೊಗಳಿಕೆಗೂ ಆಗದಷ್ಟು ಹೆಮ್ಮೆ ಆಯಿತು.

ಶುಕ್ರವಾರ ಸಂಜೆ ನಾವಿಬ್ಬರೂ ಸ್ಟೇಷನ್ನಿಗೆ ಹೋಗುತ್ತಿದ್ದೆವು. ರೈಲು ನಿಂತ ಕೂಡಲೇ ಮಗಳು ಓಡಿಹೋಗಿ ಅಮ್ಮನ ಕೋಟಿನೊಳಗೆ ಮುಖ ಹುದುಗಿಸುತ್ತಿದ್ದಳು. ಮೊದಮೊದಲು ಭಾನುವಾರದವರೆಗೂ ಅವಳನ್ನು ಬಿಟ್ಟು ಅಲ್ಲಾಡುತ್ತಿರಲಿಲ್ಲ. ಬರಬರುತ್ತ ಏನೋ ಬದಲಾಯಿತು. ನೀರು ಬೇಕಾದರೆ ನನ್ನನ್ನು ಕೂಗುತ್ತಿದ್ದಳು. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಸ್ವೀಡಿಷ್‌ನಲ್ಲಿ ಉತ್ತರ ಕೊಡುತ್ತಿದ್ದಳು, ಅದೂ ಆ ಸೀಮೆಯ ರೈತರು ಎಳೆಯುವಂಥ ರಾಗದಲ್ಲಿ. ಒಂದು ಶನಿವಾರ ಬಿಲ್ಲಿಂಗೆನ್ ಗುಡ್ಡದ ಇಳಿಜಾರಿನಲ್ಲಿ ಜಾರುಬಂಡಿ ಮಗುಚಿ ತುಟಿ ಒಡೆದುಕೊಂಡಳು. ಅವಳ ಅಮ್ಮ ನನಗಿಂತ ಹತ್ತಿರದಲ್ಲಿದ್ದಳು, ಎರಡೂ ಕೈ ಚಾಚಿದ್ದಳು. ಮಗಳು ಅವಳನ್ನು ದಾಟಿಕೊಂಡು ಅಳುತ್ತ ನನ್ನ ಹತ್ತಿರ ಓಡಿಬಂದಳು. ಹೆಂಡತಿ ಬಿದ್ದಿದ್ದ ಟೋಪಿಯನ್ನು ಎತ್ತಿಕೊಂಡು ಹಿಮ ಕೊಡವುತ್ತ ನಿಂತಳು. ಮನೆಗೆ ಬರುವವರೆಗೂ ಕೊಡವುತ್ತಲೇ ಇದ್ದಳು.

ಅದಾದ ಕೆಲವು ವಾರಗಳಿಗೆ ಮೋಲ್ನ್‌ಡಾಲ್‌ನಲ್ಲಿ ಒಂದು ದಾಗಿಸ್ ನೋಡಿ ಬಂದಿದ್ದೇನೆ ಎಂದು ಫೋನಿನಲ್ಲಿ ಹೇಳಿದಳು. ವಸಂತದಲ್ಲಿ ಒಂದು ಜಾಗ ಖಾಲಿಯಾಗುತ್ತದಂತೆ. ಆದರೆ ಅಲ್ಲಿ ಜಾಗ ಸಿಗಬೇಕಾದರೆ ಮಗುವಿನ ವಿಳಾಸ ಆ ಊರಿನದೇ ಆಗಿರಬೇಕು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ದೇಶದಲ್ಲಿ ಆಫೀಸು, ತೆರಿಗೆ ಎಂದರೆ ‘ಅವಲಂಬಿತರು ಯಾರು’ ಎಂಬ ಪ್ರಶ್ನೆ ಎಲ್ಲಾದರೂ ಒಂದು ಕಡೆ ಇದ್ದೇ ಇರುತ್ತದೆ. ಸ್ವೀಡನ್ನಿನಲ್ಲಿ ಗಂಡನ ತೆರಿಗೆ ಗಂಡನದು, ಹೆಂಡತಿಯದು ಹೆಂಡತಿಯದು. ಅದರಲ್ಲಿ ಮಕ್ಕಳ ಹೆಸರಿಗೆ ಜಾಗವಿಲ್ಲ. ಆದರೆ ಯಾರು ಯಾವ ಮನೆಯಲ್ಲಿ ವಾಸವಾಗಿದ್ದಾರೆ ಎಂದು ಬರೆದಿಡುವುದೂ ಅದೇ ತೆರಿಗೆ ಕಚೇರಿ. ಒಂದು ಮಗುವಿಗೆ ಒಂದೇ ವಿಳಾಸ. ಆ ವಿಳಾಸ ಯಾವ ಕೊಮ್ಮೂನ್‌ಗೆ, ಅಂದರೆ ಯಾವ ಊರಾಡಳಿತಕ್ಕೆ ಸೇರಿದೆಯೋ ಅಲ್ಲೇ ದಾಗಿಸ್, ಅಲ್ಲೇ ಹಲ್ಲಿನ ಡಾಕ್ಟರು, ಮುಂದೆ ಅಲ್ಲೇ ಶಾಲೆ. ಮಗಳ ವಿಳಾಸ ಬದಲಾದರೆ ಅವಳ ಬದುಕೇ ಆ ಊರಿಗೆ ಹೋದಂತೆ. ಅದಕ್ಕೆ ಅಪ್ಪ ಅಮ್ಮ ಇಬ್ಬರ ಒಪ್ಪಿಗೆಯೂ ಬೇಕು.

ನಾನು ಒಪ್ಪಲಿಲ್ಲ. ಮಗು ಇಲ್ಲಿ ಹೊಂದಿಕೊಂಡಿದ್ದಾಳೆ, ಗೆಳತಿಯರಿದ್ದಾರೆ, ನಿನ್ನ ಲ್ಯಾಬಿನಲ್ಲಿ ಸಂಜೆ ಕೆಲಸ ಯಾವಾಗ ಮುಗಿಯುತ್ತದೋ ನಿನಗೇ ಗೊತ್ತಿಲ್ಲ ಎಂದೆಲ್ಲ ಹೇಳಿದೆ. ಅಷ್ಟರಲ್ಲಿ ಅತ್ತೆ ಬೆಂಗಳೂರಿನಿಂದ ಫೋನ್ ಮಾಡಿ, ಹೆಣ್ಣುಮಗು ತಾಯಿಯ ಹತ್ತಿರ ಇರುವುದೇ ಸರಿಯಲ್ಲವೇ ಎಂದು ನನ್ನನ್ನು ಕೇಳಿದರು. ತಾಯಿಗೆ ಹೇಳಿ ಹೇಳಿಸಿದ್ದಾಳೆ ಎಂದುಕೊಂಡು ಆ ರಾತ್ರಿ ಫೋನಿನಲ್ಲಿ ಹೆಂಡತಿಯ ಮೇಲೆ ರೇಗಿದೆ. ಅವಳು, “ಅಮ್ಮ ಹೇಳಿದ್ರು ಅಂತ ಕೇಳ್ತಿಲ್ಲ ಕಣೋ. ತಾಯಿ ಅಂತಾನೂ ಕೇಳ್ತಿಲ್ಲ. ನಂಗೆ ಅವಳು ಬೇಕು, ಅದಕ್ಕೆ ಕೇಳ್ತಿದೀನಿ,” ಎಂದಳು. ನನಗೂ ಅವಳು ಬೇಕಾಗಿದ್ದಳು.

ಆಮೇಲೆ ಅವಳು ತಾನೂ ಮಗಳೂ ಮೋಲ್ನ್‌ಡಾಲ್‌ಗೆ ಮನೆ ಬದಲಾಯಿಸುತ್ತಿದ್ದೇವೆ ಎಂದು ಅರ್ಜಿ ಕಳಿಸಿದಳು. ಕಳಿಸುವ ಮೊದಲು ನನಗೆ ಹೇಳಿಯೇ ಕಳಿಸಿದಳು. ನಾನು ಸಹಿ ಹಾಕದೆ, ಮಗಳು ಶೋವ್ಡೆಯಲ್ಲಿ ನನ್ನ ಜೊತೆ ವಾಸವಾಗಿದ್ದಾಳೆ, ಇಲ್ಲೇ ಇರುತ್ತಾಳೆ ಎಂದು ಇನ್ನೊಂದು ಕಳಿಸಿದೆ. ನಾನೂ ಅವಳಿಗೆ ಹೇಳಿಯೇ ಕಳಿಸಿದೆ. ಹೀಗೆ ಒಬ್ಬರಿಗೊಬ್ಬರು ಮುಚ್ಚುಮರೆ ಮಾಡದೆ ಜಗಳಕ್ಕಿಳಿದೆವು. ಶುಕ್ರವಾರ ಅವಳು ಬರುತ್ತಿದ್ದಳು, ನಾನು ಸಾರು ಮಾಡಿಟ್ಟಿರುತ್ತಿದ್ದೆ, ಮೂವರೂ ಕೂತು ಉಣ್ಣುತ್ತಿದ್ದೆವು. ಅರ್ಜಿಯ ವಿಷಯ ಯಾರೂ ಎತ್ತುತ್ತಿರಲಿಲ್ಲ. ಆ ಮೌನ ಮಗಳಿಗೂ ತಿಳಿಯುತ್ತಿತ್ತೆಂದು ಕಾಣುತ್ತದೆ. ಊಟದ ಮಧ್ಯೆ ಕಾರಣವಿಲ್ಲದೆ ಹಾಡಲು ಶುರುಮಾಡುತ್ತಿದ್ದಳು.

ಒಂದು ದಿನ ತೆರಿಗೆ ಕಚೇರಿಯಿಂದ ಫೋನ್ ಬಂತು. ಒಂದೇ ಮಗುವಿನ ಬಗ್ಗೆ ಎರಡು ಬೇರೆ ಬೇರೆ ಹೇಳಿಕೆ ಬಂದಿವೆ, ಇಬ್ಬರೂ ಬಂದು ಮಾತಾಡಿದರೆ ಒಳ್ಳೆಯದು ಎಂದರು. ಹೆಂಡತಿ ರಜೆ ಹಾಕಿ ಬೆಳಗಿನ ರೈಲಿಗೆ ಬಂದಳು. ಮಗಳನ್ನು ದಾಗಿಸ್‌ಗೆ ಬಿಟ್ಟು ನಾನು ನೇರ ಕಚೇರಿಗೆ ಹೋದೆ. ಅವಳು ಆಗಲೇ ಬಾಗಿಲ ಹತ್ತಿರ ನಿಂತಿದ್ದಳು. ಒಳಗೆ ಹೋಗಿ ನಂಬರಿನ ಚೀಟಿ ಹರಿದುಕೊಂಡು ಅಕ್ಕಪಕ್ಕ ಕೂತೆವು. ಅವಳ ಬೂಟಿನ ಲೇಸು ಬಿಚ್ಚಿತ್ತು. ಹೇಳಬೇಕೆನಿಸಿತು, ಹೇಳಲಿಲ್ಲ.

ನಮ್ಮನ್ನು ಕರೆದದ್ದು ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಹೆಂಗಸು. ಕನ್ನಡಕವನ್ನು ದಾರದಲ್ಲಿ ಕೊರಳಿಗೆ ತೂಗುಹಾಕಿಕೊಂಡಿದ್ದರು. ನಮ್ಮ ಸ್ವೀಡಿಷ್‌ಗೆ ತಕ್ಕಂತೆ ನಿಧಾನವಾಗಿ ಮಾತಾಡುತ್ತಿದ್ದರು. ಎರಡೂ ಅರ್ಜಿಗಳನ್ನು ನೋಡಿ, ಮೊದಲು ಒಂದು ವಿಷಯ ತಿಳಿಯಬೇಕು ಎಂದರು.

“ನೀವಿಬ್ಬರೂ ಬೇರೆಯಾಗುತ್ತಿದ್ದೀರಾ?”

ನಾನು ಬೆಚ್ಚಿಬಿದ್ದೆ. ಆ ಪ್ರಶ್ನೆ ಬರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನನ್ನ ಬಾಯಿಂದ ಮಾತು ಹೊರಡುವ ಮೊದಲೇ ಹೆಂಡತಿ ಇಲ್ಲ ಎಂದಳು. ಮತ್ತೊಮ್ಮೆ, ಈ ಸಲ ಗಟ್ಟಿಯಾಗಿ, ಇಲ್ಲ ಎಂದಳು. ಅವಳ ಕಿವಿ ಕೆಂಪಾಗಿತ್ತು.

ಆ ಹೆಂಗಸು ಕನ್ನಡಕ ತೆಗೆದು ಎದೆಯ ಮೇಲೆ ಬಿಟ್ಟರು. ಬೇರೆಯಾದವರ ನಡುವೆ ಒಪ್ಪಂದ ಆಗದಿದ್ದರೆ ವಿಚಾರಣೆ ಮಾಡಿ, ದಾಗಿಸ್‌ನವರನ್ನು ಕೇಳಿ, ಮಗು ಹೆಚ್ಚು ಎಲ್ಲಿರುತ್ತದೋ ಅಲ್ಲಿ ಬರೆಯುತ್ತೇವೆ ಎಂದು ವಿವರಿಸಿದರು. ಆದರೆ ಬೇರೆಯಾಗದ ಗಂಡ ಹೆಂಡತಿಗೆ ಒಂದು ಮನೆ ಇರುತ್ತದೆ ಎಂದೇ ಕಾನೂನು ತಿಳಿಯುತ್ತದಂತೆ. ಕೆಲಸಕ್ಕಾಗಿ ವಾರವಿಡೀ ಬೇರೆ ಊರಿನಲ್ಲಿ ಮಲಗಿದರೂ ಆ ಮನುಷ್ಯ ಕುಟುಂಬದ ಮನೆಯವನೇ, ಆ ಮನೆಯವಳೇ. ಹೆಚ್ಚಿನ ಬಾಡಿಗೆಗೆ ತೆರಿಗೆಯಲ್ಲಿ ರಿಯಾಯಿತಿಯನ್ನೂ ಕೇಳಬಹುದು. “ಹಾಗಾಗಿ ಮಗು ಯಾರದು ಎಂದು ನಾನು ಕೇಳುತ್ತಿಲ್ಲ,” ಎಂದರು. “ನಿಮ್ಮ ಮೂವರ ಮನೆ ಯಾವುದು ಎಂದು ಕೇಳುತ್ತಿದ್ದೇನೆ. ಇದಕ್ಕೆ ನನಗಿಂತ ನಿಮಗೆ ಉತ್ತರ ಚೆನ್ನಾಗಿ ಗೊತ್ತಿರಬೇಕು. ಹೋಗಿ ಕಾಫಿ ಕುಡಿದು ಬನ್ನಿ. ನಾನು ಸಂಜೆವರೆಗೂ ಇಲ್ಲೇ ಇರುತ್ತೇನೆ.”

ಚೌಕದ ಹತ್ತಿರ ಒಂದು ಹಳೆಯ ಬೇಕರಿ ಇತ್ತು. ಕಿಟಕಿಯ ಪಕ್ಕ ಕೂತೆವು. ನಾವಿಬ್ಬರೇ ಹೀಗೆ ಎದುರೆದುರು ಕೂತು ಕಾಫಿ ಕುಡಿದು ಎಷ್ಟು ಕಾಲವಾಗಿತ್ತೋ. ಅವಳು ಏಲಕ್ಕಿ ಬನ್ನಿನ ಸುರುಳಿಯನ್ನು ಬಿಚ್ಚುತ್ತ ಕೂತಿದ್ದಳು, ತಿನ್ನಲಿಲ್ಲ. ಏನು ಹೇಳಬೇಕೆಂದು ತೋಚದೆ ನಾನು ನಮ್ಮ ಅಜ್ಜಿಯ ಕಥೆ ತೆಗೆದೆ.

ನನ್ನ ಅಪ್ಪ ಶಾಲೆಯ ಮಾಸ್ತರು, ದೊಡ್ಡಪ್ಪ ವಿದ್ಯುತ್ ಇಲಾಖೆಯವರು. ಇಬ್ಬರೂ ಅಜ್ಜಿಯನ್ನು ತಮ್ಮ ತಮ್ಮ ಆಫೀಸಿನಲ್ಲಿ ಅವಲಂಬಿತೆ ಎಂದು ಬರೆಸಿದ್ದರು. ಅಜ್ಜಿಯ ಕಣ್ಣಿನ ಆಪರೇಷನ್ ಆದಾಗ ಇದು ಬೆಳಕಿಗೆ ಬಂದು, ಗ್ರಾಮಲೆಕ್ಕಿಗರು ಮನೆಗೆ ವಿಚಾರಿಸಲು ಬಂದರು. ನೀವು ಯಾವ ಮಗನ ಆಶ್ರಯದಲ್ಲಿದ್ದೀರಿ ಎಂದು ಅಜ್ಜಿಯನ್ನು ಕೇಳಿದರು. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಕೂತಿದ್ದ ಅಜ್ಜಿ ನಮ್ಮ ಕುಂದಾಪುರದ ಕನ್ನಡದಲ್ಲಿ, “ಮಕ್ಳ್ ಇಬ್ರೂ ನನ್ ಮನ್ಯಗೆ ಉಂಬುದ್. ಅವ್ರೇ ನನ್ ಆಶ್ರಯದಗೆ ಇಪ್ಪುದ್, ಬರ್ಕಣಿ,” ಅಂದರಂತೆ.

ಹೆಂಡತಿ ನಕ್ಕಳು. ಆ ನಗು ನೋಡನೋಡುತ್ತಿದ್ದಂತೆ ಅಳುವಾಯಿತು. ಪಕ್ಕದ ಮೇಜಿನ ಮುದುಕಿಯರು ಸಭ್ಯತೆಯಿಂದ ಹೊರಗೆ ನೋಡತೊಡಗಿದರು.

“ನಾನು ಶುಕ್ರವಾರ ಬರೋ ನೆಂಟರ ಥರ ಆಗ್ಬಿಟ್ಟಿದೀನಿ,” ಎಂದಳು. “ಅವಳ ಚಮಚ ಯಾವ ಡ್ರಾಯರ್‌ನಲ್ಲಿದೆ ಅಂತ ನಂಗೆ ಗೊತ್ತಿಲ್ಲ. ಅವಳ ಫ್ರೆಂಡ್ಸ್ ಹೆಸರು ಗೊತ್ತಿಲ್ಲ. ಅಡ್ರೆಸ್ ಆದ್ರೂ ನನ್ನ ಹತ್ರ ಇರ್ಲಿ ಅನ್ನಿಸ್ತು. ಕೆಲಸ ಬಿಡು ಅಂತ ಮಾತ್ರ ಹೇಳ್ಬೇಡ.”

ಕೆಲಸ ಬಿಡು ಎಂದು ನಾನು ಹೇಳುವವನಿರಲಿಲ್ಲ. ಕೆಲಸದ ಕರೆ ಬಂದ ದಿನ ಅವಳು ಅಡುಗೆಮನೆಯ ನೆಲದ ಮೇಲೆ ಕೂತಿದ್ದನ್ನು ಕಂಡವನು ನಾನು. ಆದರೆ ನನ್ನ ಬಾಯಿಂದ ಬಂದ ಮಾತು ನನಗೇ ಹೊಸದಾಗಿತ್ತು. “ಅವಳು ಹೋದ್ರೆ ಅದು ನನಗೆ ಮನೆ ಅಲ್ಲ. ಬರೀ ಮಲಗೋ ಜಾಗ ಆಗುತ್ತೆ. ನನಗೆ ಭಯ ಆಗಿದ್ದು ಅದಕ್ಕೆ,” ಎಂದೆ.

ಇಬ್ಬರೂ ಬಹಳ ಹೊತ್ತು ಕೂತೆವು. ಆ ದಿನದ ಮಾತಿನಲ್ಲಿ ವಾದ ಇರಲಿಲ್ಲ. ಅವಳೇ ಮೊದಲು, ಮಗುವನ್ನು ಈಗ ಕಿತ್ತು ಬೇರೆ ಕಡೆ ನೆಡುವುದು ಬೇಡ ಎಂದಳು. ಚಿಕ್ಕ ಮಕ್ಕಳಿರುವವರು ಕೆಲಸದ ಹೊತ್ತು ಕಡಿಮೆ ಮಾಡಿಕೊಳ್ಳಲು ಈ ದೇಶದಲ್ಲಿ ಹಕ್ಕಿದೆ, ತಾನು ಶುಕ್ರವಾರ ರಜೆ ಮಾಡಿಕೊಂಡು ಗುರುವಾರ ಸಂಜೆಯೇ ಬರುತ್ತೇನೆ ಎಂದಳು. ಸಂಬಳ, ಬಡ್ತಿ ಎರಡಕ್ಕೂ ಅದರಿಂದ ಪೆಟ್ಟು ಬೀಳುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಹಾಗಾದರೆ ವಾರ ಬಿಟ್ಟು ವಾರ ನಾವೇ ಮೋಲ್ನ್‌ಡಾಲ್‌ಗೆ ಬರುತ್ತೇವೆ ಎಂದೆ ನಾನು. ಯಾವಾಗಲೂ ಅವಳೇ ಏಕೆ ನೆಂಟರಾಗಬೇಕು, ಒಮ್ಮೆ ನಾವೂ ಆಗೋಣ. ಮಗಳು ಶಾಲೆಗೆ ಸೇರುವ ವಯಸ್ಸಿಗೆ ನಾನು ಗೋಥೆನ್‌ಬರ್ಗ್ ಕಡೆ ಕೆಲಸ ಹುಡುಕುತ್ತೇನೆಂದೂ ಹೇಳಿದೆ. ಸಿಗದಿದ್ದರೆ ಎಂದು ಕೇಳಿದಳು. ಸಿಗದಿದ್ದರೆ ದಿನವೂ ರೈಲಿನಲ್ಲಿ ಓಡಾಡುವ ಸರದಿ ನನ್ನದು ಎಂದೆ. ಆಗ ಅವಳು ಬನ್ನಿನ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡಳು.

ಮಧ್ಯಾಹ್ನ ಮತ್ತೆ ಕಚೇರಿಗೆ ಹೋದೆವು. ಅದೇ ಹೆಂಗಸು. ಮೂವರ ಹೆಸರನ್ನೂ ಶೋವ್ಡೆಯ ಮನೆಗೇ ಇರಲಿ ಎಂದೆವು, ಹೆಂಡತಿಯದನ್ನೂ ಸೇರಿಸಿ. ಅವರು ಅದನ್ನು ಬರೆದುಕೊಂಡು, ಒಂದೇ ಕಾಫಿಗೆ ಜಗಳ ಮುಗಿಸಿ ಬಂದವರನ್ನು ನೋಡಿಲ್ಲ ಎಂದು ನಕ್ಕರು. ಹೊರಗೆ ಬಂದ ಮೇಲೆ ಹೆಂಡತಿ ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಕಟ್ಟಿಕೊಂಡಳು. ಅಲ್ಲಿಂದ ಇಬ್ಬರೂ ದಾಗಿಸ್‌ಗೆ ನಡೆದೆವು. ವಾರದ ನಡುವಿನಲ್ಲಿ ಅಮ್ಮನನ್ನು ಬೇಲಿಯಾಚೆ ಕಂಡ ಮಗಳು ಓಡಿಬರಲಿಲ್ಲ. ಕೈಯಲ್ಲಿದ್ದ ಸಲಿಕೆ ಹಿಡಿದುಕೊಂಡೇ ನಿಂತು, ಅನುಮಾನದಿಂದ, “ಇವತ್ತು ಶುಕ್ರವಾರಾನಾ?” ಎಂದು ಕೇಳಿದಳು. ಕನ್ನಡದಲ್ಲೇ ಕೇಳಿದಳು.

ಎಲ್ಲ ಅಂದುಕೊಂಡಷ್ಟು ಸುಲಭವಾಗಿಯೇನೂ ನಡೆಯಲಿಲ್ಲ. ವಸಂತದಲ್ಲಿ ಮೋಲ್ನ್‌ಡಾಲ್‌ನ ದಾಗಿಸ್ ಜಾಗ ಬೇರೆ ಮಗುವಿಗೆ ಹೋದ ದಿನ ಹೆಂಡತಿ ಫೋನ್ ಎತ್ತಲಿಲ್ಲ. ಅತ್ತೆ ನನ್ನೊಡನೆ ಸರಿಯಾಗಿ ಮಾತಾಡಲು ತಿಂಗಳುಗಳೇ ಹಿಡಿದವು. ಬೆಂಗಳೂರಿಗೆ ಹೋದಾಗ, ಅವರ ಮುಂದೆ ಕೂತು ಮಗಳಿಗೆ ಎರಡು ಜಡೆ ಹಾಕಿದೆ. ಅವರು ಎದ್ದು ಒಳಗಿನಿಂದ ಮಲ್ಲಿಗೆ ದಂಡೆ ತಂದುಕೊಟ್ಟರು. ಅಲ್ಲಿಗೆ ಆ ಮುನಿಸು ಮುಗಿಯಿತು. ಹೆಂಡತಿಗೆ ಬರಬೇಕಿದ್ದ ಒಂದು ಬಡ್ತಿ ಅವಳ ಜೊತೆಯವನಿಗೆ ಹೋಯಿತು. ಅವಳು ಅದನ್ನು ನನಗೆ ಹೇಳಿದ್ದು ವರ್ಷದ ಮೇಲೆ.

ಆದರೆ ಗುರುವಾರಗಳು ಬಂದವು. ಸ್ವೀಡನ್ನಿನಲ್ಲಿ ಗುರುವಾರ ಎಂದರೆ ಬಟಾಣಿ ಸೂಪು, ಪ್ಯಾನ್‌ಕೇಕು. ನಮ್ಮ ಮನೆಯಲ್ಲಿ ಗುರುವಾರ ಎಂದರೆ ನೀರುದೋಸೆ ಆಯಿತು. ರೈಲು ಇಳಿದು ಬಂದವಳು ಕೋಟು ಬಿಚ್ಚುವ ಮೊದಲೇ ಕಾವಲಿಯ ಮುಂದೆ ನಿಂತು ಒಂದು ತಿನ್ನುತ್ತಿದ್ದಳು. ಶುಕ್ರವಾರ ನಾನು ಕೆಲಸಕ್ಕೆ ಹೋದರೆ ತಾಯಿ ಮಗಳು ಇಡೀ ದಿನ ಇಬ್ಬರೇ. ಸಂಜೆ ಬರುವಷ್ಟರಲ್ಲಿ ಪಾತ್ರೆಗಳೆಲ್ಲ ಜಾಗ ಬದಲಾಯಿಸಿರುತ್ತಿದ್ದವು, ಚಮಚಗಳ ಡ್ರಾಯರ್ ಕೂಡ. ಮಗಳು ಇಬ್ಬರನ್ನೂ ಕೂಗಿ ನೀರು ಕೇಳುತ್ತಿದ್ದಳು, ಯಾರು ಮೊದಲು ತರುತ್ತಾರೆಂದು ನೋಡಲು.

ಅವಳಿಗೆ ಆರು ತುಂಬುವ ಬೇಸಿಗೆಯಲ್ಲಿ ನನಗೆ ಗೋಥೆನ್‌ಬರ್ಗ್‌ನಲ್ಲಿ ಕೆಲಸ ಸಿಕ್ಕಿತು. ಶೋವ್ಡೆಯ ಮನೆ ಖಾಲಿ ಮಾಡಿದೆವು. ನರ್ಸ್ ಅಕ್ಕ ಬಂದು ಕಿಟಕಿಗಳನ್ನು ಒರೆಸಿಕೊಟ್ಟರು, ಹೊರಡುವಾಗ ಒಂದು ಡಬ್ಬಿ ಚಕ್ಕುಲಿ ಕೊಟ್ಟು, “ಇನ್ನು ನಮ್ಮ ಬೀದಿಯಲ್ಲಿ ಜಾರುಬಂಡಿ ಎಳೆವ ಕುದುರೆ ಇಲ್ಲ,” ಎಂದರು. ಹೊಸ ಮನೆಗೆ ವಿಳಾಸ ಬದಲಾಯಿಸುವ ಅರ್ಜಿಗೆ ನಾನೂ ಹೆಂಡತಿಯೂ ಒಂದೇ ಪೆನ್ನಿನಲ್ಲಿ ಸಹಿ ಹಾಕಿದೆವು. ಅದನ್ನು ಅಂಚೆಗೆ ಹಾಕಿ ಬರುವಾಗ ಇಬ್ಬರಿಗೂ ಒಟ್ಟಿಗೆ ನಗು ಬಂತು. ಯಾಕೆ ಎಂದು ಮಗಳು ಕೇಳಿದಳು. ಹೇಳಲು ಹೊರಟು, ಹೇಗೆ ಶುರುಮಾಡಬೇಕೆಂದು ತಿಳಿಯದೆ ಬಿಟ್ಟುಬಿಟ್ಟೆವು.

ಮಗಳು ದೊಡ್ಡವಳಾಗಿ ಉತ್ತರದ ಉಮೆಯೊ ಊರಿನಲ್ಲಿ ಓದುತ್ತಿದ್ದಾಗ, ಒಮ್ಮೆ ರಜೆಗೆ ಬಂದವಳನ್ನು ಆ ದಿನಗಳ ಬಗ್ಗೆ ಕೇಳಿದೆ. ಹಿಮದ ಬೆಳಗು, ಆಕಾಶದ ಸುದ್ದಿ, ಜಡೆ ಯಾವುದೂ ಅವಳಿಗೆ ನೆನಪಿಲ್ಲ. ಅವಳಿಗೆ ನೆನಪಿರುವುದು ಅಮ್ಮನ ಆ ಪುಟ್ಟ ಮನೆಗೆ ಹೋಗುತ್ತಿದ್ದ ಶನಿವಾರಗಳು ಮಾತ್ರ. ಹಳೆಯ ಗಿರಣಿಗಳ ಹತ್ತಿರ ಹೊಳೆ ಧುಮುಕುವ ಜಾಗದಲ್ಲಿ ಮೂವರೂ ನಿಂತಿರುತ್ತಿದ್ದೆವಂತೆ. ನೀರಿನ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲವಂತೆ, ಆದರೂ ಅಮ್ಮ ಬಗ್ಗಿ ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳಂತೆ. ಕೇಳಿ ನನಗೆ ಒಂದು ಕ್ಷಣ ಪಿಚ್ಚೆನಿಸಿತು. ಹೆಂಡತಿ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ಮಗಳ ಮಾತು ಅವಳ ಕಿವಿಗೂ ಬಿದ್ದಿತ್ತು. ತುರಿಯುವ ಸದ್ದು ನಿಂತಿತು, ಆಮೇಲೆ ಮತ್ತೆ ಶುರುವಾಯಿತು.